ಅಳಿಸಲು ಬಾರದ ಚಿತ್ರ

ನದಿಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಮೃತ್ಯುಂಜಯನೆಂಬ ಶಿಷ್ಯ. ಗುಡಿಸಿದ ಅಂಗಳವನ್ನೇ ಮತ್ತೊಮ್ಮೆ ಗುಡಿಸುವವನು.

ಅವನ ದೀಕ್ಷೆಗೆ ಗುರುಗಳು ಎರಡು ಬಾರಿ ದಿನ ಗೊತ್ತುಮಾಡಿದ್ದರು. ಎರಡು ಬಾರಿಯೂ ಅವನೇ ಹಿಂದೆ ಸರಿದಿದ್ದ. ತನ್ನಲ್ಲಿ ಕೋಪ ಇನ್ನೂ ಉಳಿದಿದೆ, ಅದು ಪೂರ್ತಿ ಹೋದ ಮೇಲೆ ಬರುತ್ತೇನೆ ಎಂಬುದು ಅವನ ಮಾತು.

ಈಗ ತಾಯಿ ನೀಲಮ್ಮನಿಗೆ ಕಡಲು ತೋರಿಸಿ ಬರಲು ರಜೆ ಕೇಳಿದ್ದ. ಆಕೆ ಅದುವರೆಗೆ ಕಡಲನ್ನು ಕಂಡವಳಲ್ಲ. ಅವನು ಮನಸ್ಸಿನಲ್ಲೇ ಒಂದು ಪಣ ತೊಟ್ಟಿದ್ದ: ಈ ಪ್ರವಾಸದಲ್ಲಿ ತಾಯಿಯ ಮೇಲೆ ಒಮ್ಮೆ ರೇಗಿದರೂ ತಾನು ದೀಕ್ಷೆಗೆ ಅನರ್ಹ, ಆಶ್ರಮವನ್ನೇ ಬಿಡತಕ್ಕದ್ದು.

ಹೊರಡುವ ಮುನ್ನ ಎರಡು ಕ್ಯಾಮೆರಾಗಳನ್ನು ಗುರುಗಳ ಮುಂದಿಟ್ಟ. ಒಂದು, ಭಕ್ತರೊಬ್ಬರು ಆಶ್ರಮಕ್ಕೆ ಕೊಟ್ಟಿದ್ದ ಹಳೆಯ ರೀಲು ಕ್ಯಾಮೆರಾ. ಇನ್ನೊಂದು, ಅಕ್ಕ ಕೊಡಿಸಿದ್ದ ಡಿಜಿಟಲ್ ಕ್ಯಾಮೆರಾ. ಪ್ರವಾಸದ ಚಿತ್ರಗಳಿಗೆ ಯಾವುದು ಮೇಲೆಂದು ಕೇಳಿದ.

ಗುರುಗಳು ಅವನ ಅಭಿಪ್ರಾಯವನ್ನೇ ಕೇಳಿದರು. ಅವನು ಕ್ರಮವಾಗಿ ವಿವರಿಸಿದ. ರೀಲಿನಲ್ಲಿ ತೆಗೆಯಬಹುದಾದ ಚಿತ್ರಗಳು ಕಡಿಮೆ. ಸ್ಟುಡಿಯೋದವರು ತೊಳೆದುಕೊಡುವವರೆಗೆ ಏನು ಬಂದಿದೆಯೆಂದು ತಿಳಿಯದು. ಡಿಜಿಟಲ್‌ನಲ್ಲಿ ತೆಗೆದ ಕೂಡಲೇ ನೋಡಬಹುದು, ಕೆಟ್ಟದ್ದನ್ನು ಅಳಿಸಬಹುದು.

"ಎರಡನ್ನೂ ಒಯ್ಯಿ," ಎಂದರು ಗುರುಗಳು.

"ಒಂದೇ ಸಾಕಲ್ಲವೇ, ಗುರುಗಳೇ?"

"ನಿನಗೆ ಸಾಕು. ತಾಯಿಯನ್ನು ಕೇಳಿದೆಯಾ?"

ಪ್ರವಾಸ ಮುಗಿಯಿತು. ಸ್ಟುಡಿಯೋದಿಂದ ರೀಲಿನ ಪ್ರಿಂಟುಗಳೂ ಬಂದವು. ಮೃತ್ಯುಂಜಯ ಗುರುಗಳೆದುರು ಬಂದು ನಿಂತ. ಹೆಗಲ ಮೇಲೆ ಬಟ್ಟೆಯ ಚೀಲವಿತ್ತು. ಆಶ್ರಮದ ಕ್ಯಾಮೆರಾವನ್ನು ಹಿಂದಿರುಗಿಸಿ, ಹೊರಡಲು ಅಪ್ಪಣೆ ಬೇಡಿದ.

ಗುರುಗಳು ಕಾರಣ ಕೇಳಲಿಲ್ಲ. ಚಿತ್ರಗಳನ್ನು ತೋರಿಸೆಂದರು.

ಅವನು ಡಿಜಿಟಲ್ ಚಿತ್ರಗಳನ್ನು ಒಂದೊಂದಾಗಿ ತೋರಿಸಿದ. ಎಲ್ಲವೂ ಸ್ಪಷ್ಟ. ಎಲ್ಲದರಲ್ಲೂ ನೀಲಮ್ಮ ನೆಟ್ಟಗೆ ನಿಂತಿದ್ದಳು. ಸೆರಗು ಸರಿಯಾಗಿತ್ತು, ತುಟಿ ಮುಚ್ಚಿತ್ತು, ಕಣ್ಣು ತೆರೆದಿತ್ತು.

"ಈಕೆ ಯಾರಿಗೆ ಹೆದರಿದ್ದಾರೆ?" ಎಂದು ಗುರುಗಳು ಕೇಳಿದರು.

ಮೃತ್ಯುಂಜಯ ತಲೆ ತಗ್ಗಿಸಿದ. ನಂತರ ನಡೆದದ್ದನ್ನೆಲ್ಲ ಹೇಳಿದ. ಆಕೆ ಕಣ್ಣು ಮುಚ್ಚಿದಾಗ ಅಳಿಸಿದ್ದ. ನಕ್ಕಾಗ ಬಿದ್ದ ಹಲ್ಲಿನ ಜಾಗ ಕಂಡಿತೆಂದು ಅಳಿಸಿದ್ದ. ಮತ್ತೆ ನಿಲ್ಲಿಸಿದ್ದ, ಮತ್ತೆ ಗದರಿಸಿದ್ದ. ಆಧಾರ್ ಕಾರ್ಡಿಗೆ ನಿಲ್ಲಿಸಿದ ಹಾಗಾಯಿತಲ್ಲೋ ಎಂದು ಆಕೆ ಗೊಣಗಿದಾಗ, ನೆಟ್ಟಗೆ ನಿಲ್ಲಲೂ ಬರುವುದಿಲ್ಲವೇ ಎಂದು ಜನರ ನಡುವೆ ರೇಗಿಬಿಟ್ಟಿದ್ದ.

"ರೀಲಿನದ್ದು?"

"ಅದು ಕೆಟ್ಟಿದೆ, ಗುರುಗಳೇ."

"ಕೊಡು."

ಪ್ರಿಂಟುಗಳ ಕಟ್ಟಿನ ಮೇಲಿದ್ದ ಚಿತ್ರದಲ್ಲಿ ಮೊಣಕಾಲುದ್ದ ನೀರಲ್ಲಿ ನೀಲಮ್ಮ. ಅಲೆ ಬಂದು ಬಡಿದಿತ್ತು. ಸೀರೆ ತೊಯ್ದಿತ್ತು. ಬಾಯಿ ತುಂಬ ನಗು, ಮುಚ್ಚಿದ ಕಣ್ಣು. ಚಿತ್ರ ಅರ್ಧ ಅಲುಗಿತ್ತು, ದಿಗಂತ ಓರೆಯಾಗಿತ್ತು.

ಗುರುಗಳು ಅದನ್ನು ಬಹಳ ಹೊತ್ತು ನೋಡಿದರು. ಆಗ ಆಕೆ ಏನೆಂದಳೆಂದು ವಿಚಾರಿಸಿದರು.

"ಇದರಲ್ಲಿ ಅಳಿಸೋಕೆ ಬರಲ್ವಾ ಅಂತ ಕೇಳಿದರು. ಬರಲ್ಲ ಅಂದೆ. 'ಹಂಗಾದ್ರೆ ಹೆಂಗೆ ಬಂದ್ರೂ ನಾನೇ ಬಿಡು' ಅಂತ ನೀರಿಗೆ ಇಳಿದೇಬಿಟ್ಟರು."

"ನೀನೇಕೆ ಕೈ ಅಲುಗಿಸಿದೆ?"

"ನನಗೂ ನಗು ಬಂತು, ಗುರುಗಳೇ."

ಗುರುಗಳು ಎರಡನ್ನೂ ಅವನ ಮುಂದೆ ಹಿಡಿದರು. ಒಂದು ಕೈಯಲ್ಲಿ ಆ ಪ್ರಿಂಟು, ಇನ್ನೊಂದರಲ್ಲಿ ಡಿಜಿಟಲ್ ಕ್ಯಾಮೆರಾ. ತಾಯಿ ಯಾವುದರಲ್ಲಿದ್ದಾರೆ ಎಂದು ಕೇಳಿದರು.

ಅವನು ಪ್ರಿಂಟನ್ನು ಮುಟ್ಟಿದ. ಮುಟ್ಟಿದ ಬೆರಳನ್ನು ಹಿಂದೆಗೆಯಲು ಅವನಿಗೆ ತುಸು ಹೊತ್ತು ಹಿಡಿಯಿತು.

ಗುರುಗಳು ಎದ್ದು ಅವನ ಹೆಗಲಿನ ಚೀಲವನ್ನು ಇಳಿಸಿ ಗೂಟಕ್ಕೆ ತೂಗುಹಾಕಿದರು. ದೀಕ್ಷೆ ನಾಳೆಯೇ ಎಂದರು, ನೀಲಮ್ಮನಿಗೂ ಹೇಳಿಕಳಿಸಬೇಕೆಂದರು.

ಮೃತ್ಯುಂಜಯ ಗಾಬರಿಗೊಂಡ. "ಆದರೆ ನನ್ನ ಕೋಪ ಹೋಗಿಲ್ಲವಲ್ಲ, ಗುರುಗಳೇ."

"ಅದನ್ನೂ ಕರೆದುಕೊಂಡು ಬಾ. ಇಲ್ಲಿಯಲ್ಲದೆ ಅದು ಇನ್ನೆಲ್ಲಿ ಕಲಿಯಬೇಕು?"