ಸೀದಾ ಹೋದ ಗೇರ್ ಸೈಕಲ್ಲು

"ಅಣ್ಣಾ, ಮಕ್ಕಳ ಆಸ್ಪತ್ರೆಗೆ ದಾರಿ ಯಾವುದು?" ಎಂದು ಗೇರ್ ಸೈಕಲ್ಲು ಏದುಸಿರು ಬಿಡುತ್ತಾ ಕೇಳಿದಳು. ಬೆಳಿಗ್ಗೆ ಒಂಬತ್ತರೊಳಗೆ ಆಸ್ಪತ್ರೆ ಮುಟ್ಟಿದ ಒಂದೊಂದು ಸೈಕಲ್ಲಿನ ಹೆಸರಲ್ಲೂ ಒಂದೊಂದು ಮಗುವಿಗೆ ಗಾಲಿಕುರ್ಚಿ ಸಿಗುವ ಜಾಥಾ ಅದು. ಏಳು ದೇಶ ಸುತ್ತಿದವಳು ಈ ಊರಿನ ಗಲ್ಲಿಗಳಲ್ಲಿ ಗುಂಪಿನಿಂದ ಬೇರ್ಪಟ್ಟಿದ್ದಳು.

"ಸೀದಾ ಹೋಗಿ," ಎಂದ, ಸೊಪ್ಪು ಮಾರುವ ಹಳೇ ಸೈಕಲ್ಲು.

ರಸ್ತೆ ಎಡಕ್ಕೆ ತಿರುಗಿತು, ಅವಳು ತಿರುಗಲಿಲ್ಲ. ಯಾರದೋ ಕಾಂಪೌಂಡಿಗೆ ನುಗ್ಗಿ, ನಾಯಿಯಿಂದ ಬೈಸಿಕೊಂಡು ವಾಪಸು ಬಂದಳು.

"ಸೀದಾ ಅಂದಿರಲ್ಲ! ಏಳು ದೇಶ ಸುತ್ತಿದವಳು ನಾನು, ಎಲ್ಲೂ ಹೀಗಾಗಿಲ್ಲ!"

"ರಸ್ತೆ ತಿರುಗಿದ ಕಡೆ ನೀವೂ ತಿರುಗಬೇಕು ತಾಯಿ. ನಮ್ಮಲ್ಲಿ ಅದಕ್ಕೇ ಸೀದಾ ಅನ್ನೋದು. ಏಳು ದೇಶದಲ್ಲಿ ಯಾರೂ ಹೇಳಲಿಲ್ಲವಾ?"

"ಅಲ್ಲಿ ಬೋರ್ಡು ಇರುತ್ತೆ. ಯಾರನ್ನೂ ಕೇಳೋದಿಲ್ಲ."

"ಪಾಪ. ನಡೀರಿ, ನಾನೇ ಬರ್ತೀನಿ."

ಒಂಬತ್ತಕ್ಕೆ ಎರಡೇ ನಿಮಿಷವಿದ್ದಾಗ ಇಬ್ಬರೂ ಗೇಟು ಮುಟ್ಟಿದರು. ಚಪ್ಪಾಳೆ ಬಿತ್ತು, ಅವಳಿಗೆ ಹಾರ ಬಿತ್ತು, ಫೋಟೋಗೆ ಕರೆದರು. ತಿರುಗಿ ನೋಡಿದರೆ, ಸೊಪ್ಪಿನವನು ಹೊರಟಿದ್ದ. ಅವನ ಹರಿವೆ ಕಟ್ಟುಗಳು ಬಿಸಿಲಿಗೆ ಬಾಡತೊಡಗಿದ್ದವು.

"ಇನ್ನೂ ಮಾರಿಲ್ಲವಾ?"

"ಮಾರೋ ಹೊತ್ತಲ್ಲಿ ನಿಮ್ಮ ಜೊತೆ ಇದ್ದೆನಲ್ಲ. ಇರಲಿ ಬಿಡಿ, ಮಗುವಿಗೆ ಕುರ್ಚಿ ಬಂತು."

"ಕುರ್ಚಿ ಬಂದದ್ದು ನನ್ನ ಹೆಸರಲ್ಲಿ, ಸೊಪ್ಪು ಹಾಳಾಗುವುದು ನಿಮ್ಮದು. ಇದೆಂಥ ದಾನ ನನ್ನದು?"

ಹಾರ ತೆಗೆದಿಟ್ಟು, ಅರ್ಧ ಕಟ್ಟುಗಳನ್ನು ತನ್ನ ಹ್ಯಾಂಡಲಿಗೆ ನೇತುಹಾಕಿಕೊಂಡಳು. "ಆ ಕಡೆ ಗಲ್ಲಿಗಳು ನಿಮಗೆ, ಈ ಕಡೆಯವು ನನಗೆ."

ಮೊದಲ ಗಲ್ಲಿಯಲ್ಲಿ ನಾಚಿಕೊಂಡು ಬರೀ ಬೆಲ್ಲು ಬಾರಿಸಿದಳು. ಮೂರನೆಯದರಲ್ಲಿ "ಹರಿವೆ ಸೊಪ್ಪೋ!" ಎಂದು ಕೂಗಿದಳು, ಬಾಗಿಲುಗಳು ತೆರೆದವು. ಕೊನೆಯ ಕಟ್ಟು ಹೋಗುವವರೆಗೂ ಅವಳು ಆ ಗಲ್ಲಿಗಳನ್ನು ಬಿಡಲಿಲ್ಲ.