ಸಿಡಿಬಾಣದ ಹಡಗು ಕಟ್ಟಿದ ನಾಗೋಜ

ಬಹಳ ಹಿಂದಿನ ಮಾತು. ಹೊಳೆ ಹೋಗಿ ಕಡಲು ಸೇರುವಲ್ಲಿ ಕಡವಿನಕೇರಿ ಅಂತ ಒಂದು ಊರಿತ್ತಂತೆ. ಅಲ್ಲಿ ನಾಗೋಜ ಅಂತ ಹಡಗು ಕಟ್ಟುವ ಆಚಾರಿ ಇದ್ದನಂತೆ. ಅವನು ತಟ್ಟಿದರೆ ಮರವೇ ತನ್ನ ವಯಸ್ಸು ಹೇಳುತ್ತಿತ್ತು ಅಂತಾರೆ. ಅಪ್ಪ ಅಮ್ಮ ಹೋದ ಮೇಲೆ ತಮ್ಮ ಮಲ್ಲೋಜನನ್ನು ಅವನೇ ಸಾಕಿ ದೊಡ್ಡವನ್ನ ಮಾಡಿದ್ದನಂತೆ.

ಆಗ ಕಡಲಾಚೆಯ ವೈರಿಗಳು ಹಡಗಿನಲ್ಲಿ ಬಂದು, ಮನೆಯಗಲದ ಗಾಳಿಪಟ ಹಾರಿಸಿ, ಅದರಿಂದ ಬೆಂಕಿಗಡಿಗೆ ಬೀಳಿಸುತ್ತಿದ್ದರಂತೆ. ಕೇರಿಗೆ ಕೇರಿಯೇ ಉರಿದುಹೋಗುತ್ತಿತ್ತಂತೆ. ಊರಿನ ಒಡೆಯನ ಹತ್ತಿರ ಬಿದಿರಿಗೆ ಮದ್ದು ತುಂಬಿದ ಸಿಡಿಬಾಣಗಳೇನೋ ಇದ್ದವು. ಆದರೆ ಹಡಗಿನ ಮೇಲೆ ಮಲಗಿಸಿದ ಬಾಣ ಒಂದೇ ದಿಕ್ಕು ನೋಡುತ್ತದೆ. ಪಟ ಬೇರೆ ಕಡೆಯಿಂದ ಬಂದರೆ ಹಡಗನ್ನೇ ತಿರುಗಿಸಬೇಕು. ತಿರುಗಿಸುವಷ್ಟರಲ್ಲಿ ಹಡಗು ಬೂದಿ.

ನಾಗೋಜ ಹಡಗಿನ ಹೊಟ್ಟೆಯಲ್ಲಿ ತಾಮ್ರದ ಕೊಳವೆಗಳನ್ನು ನೆಟ್ಟಗೆ ನಿಲ್ಲಿಸಿದನಂತೆ. ಒಂದೊಂದರಲ್ಲೂ ಒಂದೊಂದು ಬಾಣ, ಮೂತಿ ಆಕಾಶಕ್ಕೆ. ಉರಿ ಹೊರಗೆ ಹೋಗಲು ಪಕ್ಕದಲ್ಲಿ ಕಿಂಡಿ. ಬಾಣ ಮೊದಲು ನೆಟ್ಟಗೆ ಏರಿ, ಆಮೇಲೆ ಬಾಲದ ಕೋಲು ಬಾಗಿಸಿದ ಕಡೆಗೆ ತಿರುಗುತ್ತಿತ್ತಂತೆ.

ಆದರೆ ಘಟ್ಟದ ಮೇಲಿನಿಂದ ಬಂದ ಹೊಸ ಬಾಣಗಳು ಕೊಳವೆಗಿಂತ ಒಂದು ಎಳೆ ದಪ್ಪ. ಕೊಳವೆ ಹಿಗ್ಗಿಸಲು ಪುರುಸೊತ್ತು ಕೊಡಿ ಅಂತ ನಾಗೋಜ ಬೇಡಿಕೊಂಡನಂತೆ. ಅಷ್ಟರಲ್ಲಿ ವೈರಿಗಳ ಹಾಯಿ ಕಾಣಿಸಿತು. ಬಾಣವನ್ನೇ ಹೆರೆದು ತುರುಕು ಅಂದನಂತೆ ಒಡೆಯ. ನಾಗೋಜ ತಾನೇ ಉಳಿ ಹಿಡಿದು ಹೆರೆದ. ತೆಳ್ಳಗಾದ ಬಿದಿರು ಉರಿಗೆ ಸೀಳುತ್ತದೆ ಅಂತ ಅವನಿಗೆ ಗೊತ್ತಿತ್ತಂತೆ.

ಹಡಗು ಅಳಿವೆ ದಾಟಿತು. ನಾಗೋಜ ಮೇಲೆ, ಹೊಟ್ಟೆಗೆ ಇಳಿಯುವ ಬಾಯಿಯ ಮುಚ್ಚಳದ ಹತ್ತಿರ; ಬತ್ತಿಗೆ ಬೆಂಕಿ ಮುಟ್ಟಿಸಲು ಮಲ್ಲೋಜ ಕೆಳಗೆ, ಬೆಂಕಿ ಆರಿಸುವ ಮರಳಿನ ಪಕ್ಕ. ಬಾಣಗಳು ಒಂದರ ಹಿಂದೊಂದು ಎದ್ದವು. ಪಟಗಳು ಆಕಾಶದಲ್ಲೇ ಹರಿದು, ಉರಿಯುತ್ತ ಕಡಲಿಗೆ ಬಿದ್ದವಂತೆ. ದಡದಲ್ಲಿ ಜನ ಕೂಗಿ ಕುಣಿದರಂತೆ.

ಆಗ ಒಂದು ಬಾಣ ಸಿಕ್ಕಿಕೊಂಡಿತು. ಮೇಲೆ ಹೋಗಲೂ ಇಲ್ಲ, ಆರಲೂ ಇಲ್ಲ. ಬಿದಿರು ಸೀಳಿತು, ಕೊಳವೆ ಬಿರಿಯಿತು, ಉರಿ ಹೊಟ್ಟೆಯೊಳಗೆ ನುಗ್ಗಿತು. ಪಕ್ಕದಲ್ಲೇ ಉಳಿದ ಬಾಣಗಳು.

"ಅಣ್ಣಾ, ಮುಚ್ಚಳ ಹಾಕು! ಗಾಳಿ ಬಂದರೆ ಎಲ್ಲ ಹತ್ತಿಕೊಳ್ತದೆ!"

"ನೀನು ಮೊದಲು ಮೇಲೆ ಬಾರೋ!"

"ಬಂದರೆ ಮರಳು ಸುರಿಯೋರು ಯಾರು? ಹಾಕಣ್ಣಾ!"

ನಾಗೋಜ ಮುಚ್ಚಳ ಹಾಕಿದ. ಉರಿಯ ರಭಸಕ್ಕೆ ಅದು ಎದ್ದೇಳುತ್ತಿತ್ತು. ಅಗುಳಿ ಜಡಿದ. ಆಮೇಲೆ ಒಳಗಿನಿಂದ ಯಾರೋ ತಟ್ಟಿದ ಸದ್ದಾಯಿತು ಅಂತ ಕೆಲವರು ಹೇಳ್ತಾರೆ, ಇಲ್ಲ ಅಂತ ಕೆಲವರು. ನಾಗೋಜ ಮಾತ್ರ ಸಾಯುವ ತನಕ ಯಾರಿಗೂ ಹೇಳಲಿಲ್ಲವಂತೆ.

ಹಡಗು ಉಳಿಯಿತು, ಊರೂ ಉಳಿಯಿತು. ಮುಚ್ಚಳ ತೆಗೆದಾಗ ಮಲ್ಲೋಜ ಬಾಣಗಳ ಬುಡದ ಮರಳಿನ ಮೇಲೆ ಬೋರಲು ಬಿದ್ದಿದ್ದ. ಒಡೆಯ ಶಾಲು ಹೊದಿಸಲು ಕರೆದರೆ ನಾಗೋಜ ಹೋಗಲಿಲ್ಲವಂತೆ. ಮತ್ತೆ ಉಳಿ ಮುಟ್ಟಲೂ ಇಲ್ಲವಂತೆ.

ಇವತ್ತಿಗೂ ಕಡವಿನಕೇರಿಯ ದೋಣಿಗಳ ಮುಚ್ಚಳಕ್ಕೆ ಅಗುಳಿ ಇಡುವುದಿಲ್ಲ, ಹಗ್ಗ ಬಿಗಿಯುತ್ತಾರೆ. ಹೊಸ ದೋಣಿ ನೀರಿಗಿಳಿಸುವ ಮುಂಚೆ ಹಿರಿಯರೊಬ್ಬರು ಅದರ ಹೊಟ್ಟೆಯೊಳಗೆ ಬಗ್ಗಿ, "ಮಲ್ಲೋಜಾ, ಮೇಲೆ ಬಾರೋ" ಅಂತ ಕರೆಯುತ್ತಾರೆ. ಕರೆದು, ಸ್ವಲ್ಪ ಹೊತ್ತು ಕಾಯುತ್ತಾರೆ. ಆಮೇಲೇ ದೋಣಿ ನೂಕುವುದು.