ನರಿ ಎತ್ತಿ ಹಿಡಿದ ಚಂದ್ರ

ಮಕ್ಕಳೇ, ಜೋಳದ ಹೊಲಗಳು ಮುಗಿದು ಕುರುಚಲು ಕಾಡು ಶುರುವಾಗುವಲ್ಲಿ ಒಂದು ಕೆರೆಯಿತ್ತು. ಅದರ ಏರಿಯ ಮೇಲೆ ನರಿಯಪ್ಪ ವಾಸವಾಗಿದ್ದ. ಅವನಿಗೆ ಬೇಟೆಯೆಂದರೆ ಬೇಸರ, ಹೊಟ್ಟೆ ಮಾತ್ರ ದೊಡ್ಡದು.

ಒಂದು ದಿನ ಅವನು ಸುತ್ತಲಿನ ಪ್ರಾಣಿ, ಹಕ್ಕಿಗಳನ್ನೆಲ್ಲ ಕರೆದು ಹೇಳಿದ: "ಚಂದ್ರನಿಗೆ ಕಂಬವಿಲ್ಲ, ತೊಲೆಯಿಲ್ಲ. ನನ್ನ ದನಿಯೇ ಅವನಿಗೆ ಆಸರೆ. ಅವನು ಕಾಣುವಷ್ಟು ಹೊತ್ತೂ ನಾನು ಕೂಗುತ್ತಿರಬೇಕು. ಬಾಯಿ ಮುಚ್ಚಿದೆನೋ, ಅವನು ನಿಮ್ಮ ನೆತ್ತಿಯ ಮೇಲೆ ಬಿದ್ದ ಹಾಗೆಯೇ. ಕೂಗಿ ಕೂಗಿ ಗಂಟಲು ಒಣಗುತ್ತದೆ. ಮೊಟ್ಟೆ ತಂದುಕೊಡಿ."

ಹೆದರಿ ನವಿಲು ಕೊಟ್ಟಿತು. ನೀರುಕೋಳಿಯೂ ಕೊಟ್ಟಿತು. ಆಮೇಲೆ ಗೌಜಲಹಕ್ಕಿಯ ಸರದಿ ಬಂತು. ಎಲ್ಲರೂ ಅವಳನ್ನು ಗೌಜವ್ವ ಎನ್ನುತ್ತಿದ್ದರು. ಅವಳ ಮೊಟ್ಟೆಗಳು ಮುಳ್ಳುಪೊದೆಯ ಬುಡದಲ್ಲಿದ್ದವು.

"ಕೊಡಲ್ಲ," ಎಂದಳು ಗೌಜವ್ವ.

ಮೊಲ ಓಡಿಬಂತು. "ಅವ್ವಾ, ನಿನ್ನ ಹಟಕ್ಕೆ ನಾವೆಲ್ಲ ಸಾಯಬೇಕಾ? ನೀರುಕೋಳಿ ಕೊಡಲಿಲ್ಲವಾ?"

"ಕೊಟ್ಟಳು. ಇನ್ನೂ ಖಾಲಿ ಗೂಡಿನ ಮೇಲೆ ಕೂತಿದ್ದಾಳೆ. ಹೋಗಿ ನೋಡು."

ಆ ಸಂಜೆ, ಬಿಸಿಲು ಇನ್ನೂ ಇರುವಾಗಲೇ ಅರ್ಧ ಚಂದ್ರ ಮೇಲಿದ್ದ. ನರಿಯಪ್ಪ ಪೊದೆಯ ಮುಂದೆ ಬಂದು ನಿಂತ. ಮೊಲ, ಕೋತಿ, ಎಲ್ಲರೂ ಸುತ್ತ ನೆರೆದರು. "ಊ... ತರುತ್ತೀಯೋ... ಊ... ಇಲ್ಲವೋ?"

"ಚಂದ್ರನಿಗೆ ನಿನ್ನ ದನಿ ಬೇಕಿಲ್ಲ. ನಾನು ಹಕ್ಕಿ ಓಡಿಸುವ ಕವಣೆಯ ಕೆಳಗೆ ಬೆಳೆದವಳು. ಕೋತಿಯಣ್ಣ, ಹೊಲದ ಕಾವಲುಗಾರ ಬಿಟ್ಟುಹೋದ ಕವಣೆ ಇದೆಯಲ್ಲ, ತಾ."

ಕೋತಿ ಕವಣೆ ತಂದು, ಅದರಲ್ಲಿ ಕಲ್ಲಿಟ್ಟು, ಹಗ್ಗದ ಎರಡೂ ತುದಿ ಹಿಡಿದು ತಲೆಯ ಮೇಲೆ ಬೀಸಿತು. ಕಲ್ಲು ಗುಂಯ್ ಎನ್ನುತ್ತ ಸುತ್ತಿತು.

"ಹಗ್ಗ ಕಲ್ಲನ್ನು ಒಳಕ್ಕೆ ಎಳೆಯುತ್ತಲೇ ಇದೆ," ಎಂದಳು ಗೌಜವ್ವ. "ಆದರೂ ಅದು ಕೋತಿಯಣ್ಣನ ತಲೆಗೆ ಬಡಿಯುತ್ತಿಲ್ಲ. ಯಾಕೆಂದರೆ ಕಲ್ಲು ಪಕ್ಕಕ್ಕೆ ಓಡುತ್ತಿದೆ. ಎಳೆತ ಒಂದು ಕಡೆ, ಓಟ ಒಂದು ಕಡೆ. ಎರಡೂ ಸೇರಿ ಸುತ್ತು. ಚಂದ್ರನದೂ ಅಷ್ಟೆ."

"ಚಂದ್ರನಿಗೆ ಹಗ್ಗ... ಊ... ಎಲ್ಲಿದೆಯಮ್ಮ?" ನರಿಯಪ್ಪ ನಕ್ಕ.

"ನೀನು ನೆಗೆದರೆ ಕೆಳಗೆ ಬರುತ್ತೀಯಲ್ಲ, ಯಾವ ಹಗ್ಗ ಎಳೆಯಿತು? ಭೂಮಿ ಎಳೆಯಿತು. ಅದೇ ಭೂಮಿ ಅವನನ್ನೂ ಎಳೆಯುತ್ತದೆ."

"ಇದೆಲ್ಲ... ಊ... ಕೋತಿಯ ಕೈಚಳಕ. ನಾನು ಸುತ್ತಿಸಿದರೆ ಕಲ್ಲು ನನ್ನ ಕಡೆಗೇ ಬೀಳುತ್ತದೆ, ನೋಡುತ್ತಿರಿ."

ಗೌಜವ್ವ ಕಾದಿದ್ದೇ ಈ ಮಾತಿಗೆ. "ಸುತ್ತಿಸಪ್ಪ," ಎಂದಳು.

ನರಿಗೆ ಕೈಯೆಲ್ಲಿಯದು? ಹಗ್ಗದ ತುದಿಗಳನ್ನು ಹಲ್ಲಿನಲ್ಲಿ ಕಚ್ಚಿ ಗರಗರ ತಿರುಗತೊಡಗಿದ. ಕಲ್ಲು ಬೀಳಲಿಲ್ಲ. ಬಿದ್ದೇ ಬೀಳುತ್ತದೆಂದು ಇನ್ನೂ ಜೋರಾಗಿ ತಿರುಗಿದ.

"ನರಿಯಪ್ಪನ ಬಾಯಿ ಮುಚ್ಚಿದೆ," ಎಂದಳು ಗೌಜವ್ವ. "ಎಲ್ಲರೂ ತಲೆ ಎತ್ತಿ ನೋಡಿ."

ಮೊಲ ಮೊದಲು ಕಿವಿಯಿಂದ ಕಣ್ಣು ಮುಚ್ಚಿಕೊಂಡಿತು. ಆಮೇಲೆ ಮೆಲ್ಲಗೆ ನೋಡಿತು. ಚಂದ್ರ ಅಲ್ಲೇ ಇದ್ದ.

ನರಿಯಪ್ಪನಿಗೆ ಆಗ ಹೊಳೆಯಿತು. ಗಾಬರಿಯಲ್ಲಿ "ಊ" ಎಂದು ಬಾಯಿ ತೆರೆದ. ಕವಣೆ ಸಮೇತ ಕಲ್ಲು ನೇರವಾಗಿ ಹಾರಿ ಕೆರೆಗೆ ಬಿತ್ತು. ಅವನು ತಲೆಸುತ್ತಿ ಕುಕ್ಕರಿಸಿದ.

"ಭೂಮಿ ಕೈಬಿಟ್ಟರೆ ಚಂದ್ರನೂ ಹೀಗೇ ನೇರ ಹೊರಟುಹೋಗುತ್ತಾನೆ," ಎಂದಳು ಗೌಜವ್ವ. "ನಿನ್ನ ಕೂಗಿಗೆ ನಿಲ್ಲುವುದಿಲ್ಲ."

ಆಗ ಜೊಂಡಿನ ನಡುವಿನಿಂದ ನೀರುಕೋಳಿ ನಡೆದುಬಂದು ನರಿಯ ಮುಂದೆ ನಿಂತಿತು. "ನನ್ನ ಮೊಟ್ಟೆಗಳು?" ಎಂದು ಕೇಳಿತು.

ಕೋತಿ ಕಲ್ಲು ಹೆಕ್ಕಿಕೊಂಡಿತು. ಮೊಲವೂ ನೆಲ ಕೆದರಿ ಎದುರು ನಿಂತಿತು. ನರಿಯಪ್ಪ ಬಾಲ ಮುದುರಿ ಹಿಂದೆ ಸರಿದ.

"ನಾಳೆ ಅವನು ಬಿದ್ದರೆ ನನ್ನನ್ನು ಕೇಳಬೇಡಿ," ಎಂದ.

"ಅವನು ಬೀಳುತ್ತಲೇ ಇದ್ದಾನೆ," ಎಂದಳು ಗೌಜವ್ವ ಮೊಟ್ಟೆಗಳ ಮೇಲೆ ಕೂರುತ್ತಾ. "ಬೀಳುತ್ತಲೇ ಪಕ್ಕಕ್ಕೆ ಓಡುತ್ತಾನೆ, ಅದಕ್ಕೇ ಅವನಿಗೆ ನೆಲ ಸಿಗುವುದಿಲ್ಲ. ಬೀಳಲಿ ಬಿಡು. ಮೊಟ್ಟೆ ಕೊಡಲ್ಲ."

ನೀತಿ: ಹೆದರಿಸಿ ಕೇಳುವವನಿಗೆ ಏನನ್ನೂ ಕೊಡುವ ಮೊದಲು, ಅವನ ಮಾತನ್ನು ಎಲ್ಲರ ಮುಂದೆ ಪರೀಕ್ಷಿಸಿ ನೋಡು.